ಚಾರ್ಮಾಡಿಯ ತಿರುವಿನಲ್ಲಿ ಎಷ್ಟು ಸ್ಪೀಡ್? ಬೋರ್ಡ್ ಒಂದು ಹೇಳುತ್ತದೆ, ಬೈಕಿನವರು ಇನ್ನೊಂದು

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಲು ಹೊರಟ ಬೈಕಿನವರನ್ನು ಸುಮ್ನೆ ಒಂದು ಪ್ರಶ್ನೆ ಕೇಳಿ ನೋಡಿ. ಈ ಘಾಟಿಯಲ್ಲಿ ಸ್ಪೀಡ್ ಲಿಮಿಟ್ ಎಷ್ಟು? ಒಬ್ಬರು 30 ಅನ್ನುತ್ತಾರೆ. ಇನ್ನೊಬ್ಬರು 40 ಇರಬೇಕು ಅನ್ನುತ್ತಾರೆ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು ಬಂದವರು ಮೊಬೈಲ್ ತೆಗೆದು ಮ್ಯಾಪ್ ನೋಡುತ್ತಾರೆ. ಮೂಡಿಗೆರೆ ಕಡೆಯವರಾದರೆ, ಘಾಟಿಯಲ್ಲಿ ಎಂಥ ಲಿಮಿಟ್ ಮಾರಾಯ್ರೇ, ಬಸ್ಸಿನ ಹಿಂದೆ ಸಿಕ್ಕಿಕೊಂಡರೆ ಅದೇ ಲಿಮಿಟ್ ಎಂದು ನಕ್ಕುಬಿಡುತ್ತಾರೆ.

ನಗು ಬರುವುದು ಸಹಜ. ಆದರೆ ಈ ಜಗಳ ನಗುವಷ್ಟು ಸಣ್ಣದಲ್ಲ. ಗುಡ್ಡದ ರಸ್ತೆಯಲ್ಲಿ ಬೋರ್ಡಿನ ಮೇಲಿನ ಅಂಕಿ ಯಾವ ಲೆಕ್ಕದಿಂದ ಬಂತು ಎಂದು ಯಾರೂ ಬೈಕಿನವರಿಗೆ ಹೇಳಿಲ್ಲ. ಹಾಗಾಗಿ ಅವರು ತಮ್ಮದೇ ಲೆಕ್ಕ ಹಾಕಿಕೊಂಡಿದ್ದಾರೆ. ಅದರಲ್ಲಿ ಟೈರ್ ಇದೆ, ಬ್ರೇಕ್ ಇದೆ, ಧೈರ್ಯ ಇದೆ, ಹಳೆಯ ನೆನಪೂ ಇದೆ. ಮುಂದೆ ಎಷ್ಟು ದೂರ ಕಾಣುತ್ತದೆ ಅನ್ನುವುದು ಮಾತ್ರ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ವೇಗದ ಮಿತಿಯ ಬಗ್ಗೆ ಇದೆ. ಗರಿಷ್ಠ ಮಿತಿಯನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ರಸ್ತೆ ಅಥವಾ ಸೇತುವೆಯ ಸ್ಥಿತಿ ನೋಡಿ ರಾಜ್ಯ ಸರ್ಕಾರ ಅದನ್ನು ಇನ್ನೂ ಇಳಿಸಬಹುದು. ಆದರೆ ಅದಕ್ಕೆ ಅಧಿಸೂಚನೆ ಬೇಕು, ಜಾಗದಲ್ಲಿ ಬೋರ್ಡೂ ಬೇಕು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಒಂದು ಅಧಿಸೂಚನೆ ಹೊರಡಿಸಿತು. ನಾಲ್ಕು ಪಥದ ವಿಭಜಿತ ರಸ್ತೆಯಲ್ಲಿ ಬೈಕಿಗೆ 80, ಉಳಿದ ರಸ್ತೆಗಳಲ್ಲಿ 60. ಕಾರಿಗೆ ಇದೇ ಜಾಗಗಳಲ್ಲಿ 100 ಮತ್ತು 70. ಆ ಅಧಿಸೂಚನೆಯೂ ನೆಟ್ಟಗೆ ನಿಲ್ಲಲಿಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನೇ ಹೀಗೆ ಹಿಂದೆ ಮುಂದೆ ಆಗುತ್ತಿದ್ದರೆ ರೈಡರ್‌ಗೆ ಗೊತ್ತಿರಬೇಕು ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು, ಅಲ್ವಾ?

ಒಂದು ಮಾತಂತೂ ನಿಜ. ಗುಡ್ಡದ ಎರಡು ಪಥದ ರಸ್ತೆಗೆ 60 ಅನ್ನುವುದಕ್ಕೆ ಅರ್ಥವೇ ಇಲ್ಲ. ಚಾರ್ಮಾಡಿಯ ಹೇರ್‌ಪಿನ್‌ನಲ್ಲಿ, ಅಂದರೆ ರಸ್ತೆ ಪೂರ್ತಿ ಹಿಂದಕ್ಕೆ ಹೊರಳುವ ತಿರುವಿನಲ್ಲಿ, 60ರಲ್ಲಿ ಹೋಗುತ್ತೇನೆ ಎಂದು ಯಾವ ಹುಚ್ಚನೂ ಹೇಳುವುದಿಲ್ಲ.

ಇನ್ನು ಎಂಜಿನಿಯರುಗಳ ಅಂಕಿ. ರಸ್ತೆ ಕಟ್ಟುವ ನಿಯಮ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದಲ್ಲಿ ಗುಡ್ಡಗಾಡಿನ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಯ ವಿನ್ಯಾಸ ವೇಗ, ಅಂದರೆ ರಸ್ತೆಯನ್ನು ಯಾವ ವೇಗಕ್ಕೆಂದು ರೂಪಿಸುತ್ತಾರೋ ಅದು, 50, ಆಗದಿದ್ದರೆ 40. ತುಂಬಾ ಕಡಿದಾದ ಜಾಗದಲ್ಲಿ 40, ಆಗದಿದ್ದರೆ 30. ಹೇರ್‌ಪಿನ್ ತಿರುವಿಗೆ ಕನಿಷ್ಠ 20. ಆ ತಿರುವಿನ ಒಳಗಿನ ತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕು. ತಿರುವಿನ ಒಳಬದಿಗೆ ರಸ್ತೆಯ ಓರೆ ಹೆಚ್ಚೆಂದರೆ 10ಕ್ಕೆ 1. ಟೈರಿನ ಹಿಡಿತಕ್ಕೆ ಅವರು ಲೆಕ್ಕ ಹಿಡಿಯುವುದು ಬರೀ 0.15. ಇವನ್ನೆಲ್ಲ ಸೂತ್ರಕ್ಕೆ ಹಾಕಿದರೆ ಗಂಟೆಗೆ 21 ಕಿ.ಮೀ. ಬರುತ್ತದೆ. ಬೋರ್ಡಿನ 20 ಆಕಾಶದಿಂದ ಉದುರಿದ್ದಲ್ಲ.

ಆದರೆ ಬೈಕಿನವರು ಈ ಲೆಕ್ಕ ನೋಡಿದರೆ ಏನನ್ನುತ್ತಾರೆ ಗೊತ್ತಾ? ಇದು ಬಸ್ಸಿನೊಳಗೆ ನಿಂತ ಅಜ್ಜಿ ಬೀಳಬಾರದು ಎಂದು ಮಾಡಿದ ಲೆಕ್ಕ, ನಮಗಲ್ಲ. ಈ ಮಾತಿನಲ್ಲಿ ಹುರುಳಿದೆ. ಒಣ ರಸ್ತೆಯಲ್ಲಿ ಒಳ್ಳೆ ಟೈರಿನ ಹಿಡಿತ 0.15ಕ್ಕಿಂತ ಎಷ್ಟೋ ಜಾಸ್ತಿ. 14 ಮೀಟರ್ ತ್ರಿಜ್ಯದ ತಿರುವಿನಲ್ಲಿ 20ರಲ್ಲಿ ಹೋದರೆ ಬೈಕ್ ಸುಮಾರು 13 ಡಿಗ್ರಿ ವಾಲಬೇಕು. 30ರಲ್ಲಿ 27 ಡಿಗ್ರಿ. 40ರಲ್ಲಿ 42 ಡಿಗ್ರಿ. ಕೈ ಪಳಗಿದವರಿಗೆ 27 ಡಿಗ್ರಿ ದೊಡ್ಡದೇನಲ್ಲ. 42 ಡಿಗ್ರಿಯೂ ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ ಅಸಾಧ್ಯವಲ್ಲ. ಹಾಗಾಗಿ ‘ನನ್ನ ಗಾಡಿ ತಡೆಯುತ್ತೆ’ ಅನ್ನುವ ವಾದ ಸುಳ್ಳಲ್ಲ. ಗಾಡಿ ತಡೆಯುತ್ತದೆ.

ಗಾಡಿ ತಡೆದರೆ ಸಾಲದು. ತಿರುವಿನ ಆಚೆ ಏನಿದೆ ಅನ್ನುವುದು ಗಾಡಿಗೆ ಗೊತ್ತಿಲ್ಲ.

ಹೇರ್‌ಪಿನ್ ಬಿಡಿ. ಅಲ್ಲಿ ಎಲ್ಲರೂ ಹೇಗೂ ನಿಧಾನ ಮಾಡುತ್ತಾರೆ. ಘಾಟಿಯಲ್ಲಿ ನಿಜವಾಗಿ ಮೋಸ ಮಾಡುವುದು ಮಧ್ಯಮ ತಿರುವುಗಳು. ಒಂದು ಕಡೆ ಬಂಡೆಯ ಗೋಡೆ, ಇನ್ನೊಂದು ಕಡೆ ಪ್ರಪಾತ. 30 ಮೀಟರ್ ತ್ರಿಜ್ಯದ ತಿರುವು ಎಂದಿಟ್ಟುಕೊಳ್ಳಿ. ನಿಮ್ಮ ದಾರಿಗೂ ಒಳಗಿನ ಬಂಡೆಗೂ ನಡುವೆ 3 ಮೀಟರ್ ಜಾಗ ಇದೆ. ಆಗ ನಿಮ್ಮ ಕಣ್ಣಿಗೆ ಸಿಗುವ ರಸ್ತೆ ಸುಮಾರು 27 ಮೀಟರ್ ಅಷ್ಟೇ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಾಕುವವರು 40ರಲ್ಲಿ ಬಂದು ನಿಲ್ಲಲು ಸುಮಾರು 21 ಮೀಟರ್ ಬೇಕು. ಅದರಲ್ಲಿ 11 ಮೀಟರ್ ಬ್ರೇಕ್ ಹಿಡಿಯುವ ಮೊದಲೇ, ಅಂದರೆ ಗಾಬರಿಯ ಆ ಒಂದು ಸೆಕೆಂಡಿನಲ್ಲೇ ಮುಗಿದಿರುತ್ತದೆ. ಆದರೂ 27ಕ್ಕೆ 21, ಸಾಕು ಅನ್ನಿಸುತ್ತದೆ.

ಸಾಕಾಗುವುದು ಎದುರಿಗೆ ಇರುವುದು ಬಂಡೆಯೋ ದನವೋ ಆಗಿದ್ದರೆ. ಎದುರಿನಿಂದ ಕಾರೊಂದು ನಿಮ್ಮ ಕಡೆಗೇ ಹೊರಳಿ ಬರುತ್ತಿದ್ದರೆ ಆ 27 ಮೀಟರನ್ನು ಇಬ್ಬರೂ ಹಂಚಿಕೊಳ್ಳಬೇಕು. ನಿಮ್ಮ ಪಾಲಿಗೆ 13 ಮೀಟರ್ ಚಿಲ್ಲರೆ. 30ರಲ್ಲಿದ್ದರೆ ಸುಮಾರು 14 ಮೀಟರ್ ಬೇಕು, ಕೂದಲೆಳೆಯಷ್ಟು ಸಾಲದು, ತಾಗಿದರೂ ಮೆಲ್ಲಗೆ. 40ರಲ್ಲಿದ್ದರೆ ಡಿಕ್ಕಿ. ಇಲ್ಲಿ ನಿಮ್ಮ ಟೈರ್ ಎಷ್ಟು ದುಬಾರಿ, ನೀವು ಎಷ್ಟು ವರ್ಷದಿಂದ ಓಡಿಸುತ್ತಿದ್ದೀರಿ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಮಳೆ ಬಿದ್ದರೆ 30 ಕೂಡ ಜಾಸ್ತಿಯಾಯಿತು. ಅಂದ ಹಾಗೆ ರೋಡ್ಸ್ ಕಾಂಗ್ರೆಸ್ ಹೇಳುವ ನಿಲುಗಡೆ ದೂರ ಇದಕ್ಕಿಂತ ಎಷ್ಟೋ ಉದ್ದ. 30ಕ್ಕೆ 30 ಮೀಟರ್, 40ಕ್ಕೆ 45 ಮೀಟರ್. ಗಾಬರಿಗೆ ಅವರು ಎರಡೂವರೆ ಸೆಕೆಂಡ್ ಕೊಡುತ್ತಾರೆ. ಬೆಳಗಿನ ನಾಲ್ಕಕ್ಕೆ ಎದ್ದು ಇನ್ನೂರು ಕಿಲೋಮೀಟರಿಗೂ ಹೆಚ್ಚು ಓಡಿಸಿ ಬಂದವರಿಗೆ ಅದೇ ಸರಿಯಾದ ಲೆಕ್ಕ ಇರಬಹುದು.

ಬಲಕ್ಕೆ ತಿರುಗುವ ಕಡೆ ಇನ್ನೊಂದು ವಿಷಯ ಇದೆ. ಇದನ್ನು ರೈಡರ್‌ಗಳೇ ಅಷ್ಟಾಗಿ ಮಾತಾಡುವುದಿಲ್ಲ. ಬಲ ತಿರುವಿನಲ್ಲಿ ಬೈಕ್ ವಾಲುವುದು ರಸ್ತೆಯ ಮಧ್ಯದ ಗೆರೆಯ ಕಡೆಗೆ. 42 ಡಿಗ್ರಿ ವಾಲಿದರೆ ಸವಾರನ ತಲೆ ಚಕ್ರದಿಂದ ಮುಕ್ಕಾಲು ಮೀಟರಿಗೂ ಜಾಸ್ತಿ ಆಚೆ ಹೋಗಿರುತ್ತದೆ. ಚಕ್ರ ಗೆರೆಯ ಈಚೆ ಇದೆ, ನಾನು ನನ್ನ ಲೇನಿನಲ್ಲೇ ಇದ್ದೆ ಎಂದು ಪ್ರಮಾಣ ಮಾಡಬಹುದು. ತಲೆ ಮಾತ್ರ ಎದುರಿನ ಬಸ್ಸಿನ ಲೇನಿನಲ್ಲಿ. ರೇಸ್ ಟ್ರ್ಯಾಕ್ ವಿಡಿಯೋ ನೋಡಿ ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಎಂದು ಲೈನ್ ಹಿಡಿಯುವವರಿಗೆ ಇದು ಗೊತ್ತಿರಬೇಕು. ಟ್ರ್ಯಾಕಿನಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ.

ಈಗ ನೆನಪಿನ ವಿಷಯಕ್ಕೆ ಬರುತ್ತೇನೆ. ಘಾಟಿಯ ವೇಗದ ಬಗ್ಗೆ ಹಳಬರ ಜೊತೆ ಮಾತಾಡಿದರೆ ಮಾತು ಅಂಕಿಯಲ್ಲಿ ನಿಲ್ಲುವುದಿಲ್ಲ, ನೇರ ಯೆಜ್ಡಿಗೆ ಹೋಗುತ್ತದೆ. ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಮಲೆನಾಡಿನ ಎಸ್ಟೇಟ್ ಮನೆಗಳ ಶೆಡ್ಡುಗಳಲ್ಲಿ ಅದರ ಗಾಡಿಗಳು ಇನ್ನೂ ನಿಂತಿವೆ. ಯೆಜ್ಡಿ ಜೊತೆಗೆ ಯಮಹಾದ ಆರ್‌ಎಕ್ಸ್ 100, ಬಜಾಜ್‌ನ ಚೇತಕ್ ಸ್ಕೂಟರ್. ಇವುಗಳಲ್ಲಿ ಘಾಟಿ ಇಳಿದವರ ಕಥೆ ಕೇಳುವುದೇ ಒಂದು ಮಜಾ.

ಆ ಕಥೆಗಳಲ್ಲಿ ವೇಗ ಕಮ್ಮಿ, ಕಸರತ್ತು ಜಾಸ್ತಿ. ಟೂ ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಸರಿಯಾಗಿ ಹಿಡಿಯುವುದಿಲ್ಲ. ಫೋರ್ ಸ್ಟ್ರೋಕ್ ಗಾಡಿಯನ್ನು ಎರಡನೇ ಗೇರಿಗೆ ಹಾಕಿ ಬಿಟ್ಟರೆ ಎಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ. ಟೂ ಸ್ಟ್ರೋಕಿನಲ್ಲಿ ಆ ಸುಖ ಇಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸುವ ಗಾಡಿಯಾದರೆ ಇನ್ನೊಂದು ಕಷ್ಟ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ತುಂಬಾ ದೂರ ಇಳಿದರೆ ಪೆಟ್ರೋಲ್ ಹೋಗುವುದಿಲ್ಲ, ಅದರ ಜೊತೆ ಆಯಿಲೂ ಹೋಗುವುದಿಲ್ಲ. ಎಂಜಿನ್ ಸೀಜ್ ಆಗುವ ಭಯ. ಅದಕ್ಕೇ ಇಳಿಯುವಾಗಲೂ ಆಗಾಗ ಒಮ್ಮೆ ರೇಸ್ ಕೊಡಬೇಕಿತ್ತು. ಎರಡೂ ಕಡೆ ಡ್ರಮ್ ಬ್ರೇಕ್. ಹಿಡಿದು ಹಿಡಿದು ಬಿಸಿಯಾದರೆ ಲಿವರ್ ಕೈಗೆ ಬರುತ್ತಿತ್ತೇ ಹೊರತು ಗಾಡಿ ನಿಲ್ಲುತ್ತಿರಲಿಲ್ಲ. ಹಾಗಾಗಿ ನಡುವೆ ಎಲ್ಲಾದರೂ ನಿಲ್ಲಿಸಿ, ಅಣ್ಣಪ್ಪ ಸ್ವಾಮಿ ಗುಡಿಯಲ್ಲಿ ಕೈ ಮುಗಿದು, ಬ್ರೇಕ್ ತಣ್ಣಗಾದ ಮೇಲೆ ಹೊರಡುವುದು. ಭಕ್ತಿಯೂ ಆಯಿತು, ಮೆಕ್ಯಾನಿಕ್ ಕೆಲಸವೂ ಆಯಿತು.

ಅಂದರೆ ಅವರ ಸ್ಪೀಡ್ ಲಿಮಿಟ್ ಗಾಡಿಯೇ ಆಗಿತ್ತು. ಬೋರ್ಡ್ ಬೇಕಿರಲಿಲ್ಲ. ಈಗಿನ ಗಾಡಿಗಳು ಆ ಮಿತಿಯನ್ನು ತೆಗೆದುಹಾಕಿವೆ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ, ಕಡ್ಡಾಯ. ಡಿಸ್ಕ್ ಬ್ರೇಕ್, ಅಗಲ ಟೈರ್, ಕೈಗೆ ಸಿಗುವಷ್ಟು ಪವರ್. ಒಳ್ಳೆಯದೇ. ಆದರೆ ಬಂಡೆಯ ಆಚೆ ನೋಡುವ ಶಕ್ತಿಯನ್ನು ಯಾವ ಕಂಪನಿಯೂ ಕೊಟ್ಟಿಲ್ಲ. ಗಾಡಿಯ ಮಿತಿ ಮೇಲಕ್ಕೆ ಹೋಯಿತು, ಕಣ್ಣಿನ ಮಿತಿ ಯೆಜ್ಡಿ ಕಾಲದಲ್ಲಿ ಇದ್ದಲ್ಲೇ ಇದೆ. ಎಬಿಎಸ್ ಇದೆ ಎಂದು ವಾಲಿದ ಗಾಡಿಯಲ್ಲಿ ಗಬಕ್ಕನೆ ಬ್ರೇಕ್ ಹಿಡಿಯುವವರಿದ್ದಾರೆ. ಟೈರಿನ ಹಿಡಿತದ ದೊಡ್ಡ ಪಾಲು ತಿರುಗುವುದಕ್ಕೇ ಖರ್ಚಾಗಿರುವಾಗ ನಿಲ್ಲುವುದಕ್ಕೆ ಉಳಿಯುವುದು ಕಡಿಮೆ. ಇಲ್ಲದ ಹಿಡಿತವನ್ನು ಎಬಿಎಸ್ ಹುಟ್ಟಿಸಲಾರದು.

ನೆನಪು ಇನ್ನೊಂದು ರೀತಿಯಲ್ಲೂ ಕೆಲಸ ಮಾಡುತ್ತದೆ. ದಿನಾ ಓಡಾಡುವವರ ತಲೆಯಲ್ಲಿ ಘಾಟಿಯ ಪೂರ್ತಿ ನಕ್ಷೆ ಇರುತ್ತದೆ. ಎಲ್ಲಿ ಬಂಡೆಯಿಂದ ನೀರು ಜಿನುಗಿ ಪಾಚಿ ಕಟ್ಟುತ್ತದೆ, ಮಲಯ ಮಾರುತದ ಹತ್ತಿರ ಮಂಜು ಯಾವಾಗ ಮುಚ್ಚುತ್ತದೆ, ಆಲೇಖಾನಿನ ಬಳಿ ಜಲಪಾತ ನೋಡಲು ಕಾರುಗಳು ಎಲ್ಲಿ ಅಡ್ಡ ನಿಲ್ಲುತ್ತವೆ, ಮಂಗಗಳಿಗೆ ತಿಂಡಿ ಹಾಕುವವರು ಎಲ್ಲಿ ಗುಂಪು ಕಟ್ಟುತ್ತಾರೆ. ಈ ಜ್ಞಾನ ಬೋರ್ಡಿಗಿಂತ ಮೇಲು ಎಂದು ಸ್ಥಳೀಯರು ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಇದಕ್ಕೊಂದು ಷರತ್ತಿದೆ. ರಸ್ತೆ ಬದಲಾಗಬಾರದು.

ರಸ್ತೆ ಬದಲಾಗಿದೆ. 2019ರ ಆಗಸ್ಟ್‌ನ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಆಮೇಲೆ ಮೊದಲು ಸಣ್ಣ ವಾಹನಗಳನ್ನು ಬಿಟ್ಟರು, ಭಾರಿ ವಾಹನಗಳಿಗೆ ನಿರ್ಬಂಧ ಉಳಿಯಿತು. ಕೆಲವು ಕಡೆ ಹೊಸ ತಡೆಗೋಡೆ ಬಂತು, ಕೆಲವು ಕಡೆ ಅಂಚು ಹೋಯಿತು. ಆಚೆ ಶಿರಾಡಿಯಲ್ಲೂ ಇದೇ ಕಥೆ. 2015ರಲ್ಲಿ ಮತ್ತು 2018ರಲ್ಲಿ ಕಾಂಕ್ರೀಟ್ ಹಾಕಲು ತಿಂಗಳುಗಟ್ಟಲೆ ಮುಚ್ಚಿದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ಮತ್ತೆ ಮುಚ್ಚಿತು. ಪ್ರತಿ ಮಳೆಗಾಲ ಕಳೆದ ಮೇಲೆ ಘಾಟಿ ಸ್ವಲ್ಪ ಬೇರೆ ಘಾಟಿಯೇ ಆಗಿರುತ್ತದೆ. ಹತ್ತು ವರ್ಷದ ಹಿಂದೆ ಕಾಲೇಜಿಗೆ ಹೋಗುವಾಗ ಓಡಿಸಿದ್ದ ನೆನಪಿನಲ್ಲಿ ಈಗ ಬೆಂಗಳೂರಿನಿಂದ ಬಂದು ಇಳಿಯುವವರಿದ್ದಾರಲ್ಲ, ನನಗೆ ಹೊಸಬರಿಗಿಂತ ಅವರ ಬಗ್ಗೆಯೇ ಹೆಚ್ಚು ಭಯ. ಹೊಸಬರು ಹೆದರಿಕೊಂಡು ನಿಧಾನ ಹೋಗುತ್ತಾರೆ. ಇವರು ಇಲ್ಲದ ರಸ್ತೆಯಲ್ಲಿ ಓಡಿಸುತ್ತಿರುತ್ತಾರೆ.

ಬೈಕಿನವರ ದೂರುಗಳನ್ನೂ ಕೇಳಬೇಕು. ಎಲ್ಲದಕ್ಕೂ ಸ್ಪೀಡ್ ಕಾರಣ ಅಂತ ಬರೆದುಬಿಡುತ್ತಾರೆ ಅನ್ನುವುದು ದೊಡ್ಡ ದೂರು. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಶೇ 71ರಷ್ಟು ಸಾವಿಗೆ ಅತಿವೇಗ ಕಾರಣ ಎಂದು ದಾಖಲಾಗಿದೆ. ಈ ಶೇ 71ನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಅಪಘಾತವಾದ ಕ್ಷಣದ ವೇಗವನ್ನು ಅಳೆದವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ‘ಅತಿವೇಗ ಮತ್ತು ಅಜಾಗರೂಕತೆ’ ಎಂದು ದೂರಿನಲ್ಲಿ ಬರೆದರೆ ರಸ್ತೆಯ ಗುಂಡಿ, ಇಲ್ಲದ ಬೋರ್ಡ್, ತಿರುವಿನಲ್ಲಿ ಚೆಲ್ಲಿದ ಜಲ್ಲಿ ಇವೆಲ್ಲ ಮರೆಗೆ ಸರಿಯುತ್ತವೆ. ರೈಡರ್‌ಗಳಿಗೆ ಸಿಟ್ಟು ಬರುವುದು ನ್ಯಾಯವೇ.

ಅದೇ ಉಸಿರಿನಲ್ಲಿ ಇನ್ನೊಂದನ್ನೂ ಹೇಳಬೇಕು. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾರಣ ಯಾವುದೇ ಇರಲಿ, ಡಿಕ್ಕಿಯ ಪೆಟ್ಟು ವೇಗದ ವರ್ಗಕ್ಕೆ ತಕ್ಕಂತೆ ಬೀಳುತ್ತದೆ. ಕಾರಿನವನ ತಪ್ಪಾದರೂ ಪೆಟ್ಟು ಬೈಕಿನವನಿಗೇ.

ಕಾರುಗಳು ತಿರುವನ್ನು ಕತ್ತರಿಸಿ ಬರುತ್ತವೆ ಅನ್ನುವುದೂ ಸುಳ್ಳಲ್ಲ. ಹತ್ತುವವರಿಗೆ ಇಳಿಯುವವರು ದಾರಿ ಬಿಡಬೇಕು ಅನ್ನುವುದು ನಿಯಮ. ಶನಿವಾರ ಬೆಳಿಗ್ಗೆ ಅದನ್ನು ಪಾಲಿಸುವವರನ್ನು ಹುಡುಕಬೇಕು. ಕಾಫಿ ಕುಯ್ಲಿನ ಕಾಲದಲ್ಲಿ ಆಳುಗಳನ್ನೂ ಚೀಲಗಳನ್ನೂ ತುಂಬಿಕೊಂಡ ಪಿಕಪ್‌ಗಳು ಬೇರೆ. ಜೊತೆಗೆ ಆಂಬುಲೆನ್ಸ್. ಮೂಡಿಗೆರೆ ಕಡೆಯಿಂದ ದೊಡ್ಡ ಕಾಯಿಲೆ ಎಂದರೆ ಮಂಗಳೂರಿಗೇ ಓಡಬೇಕು, ಅದಕ್ಕೆ ಇದೇ ರಸ್ತೆ. ವೀಕೆಂಡಿನ ಮೋಜಿಗೆ ಬಂದವರ ಲೆಕ್ಕದಲ್ಲಿ ಮಾತ್ರ ಇಲ್ಲಿನ ವೇಗವನ್ನು ನಿರ್ಧರಿಸಲು ಆಗುವುದಿಲ್ಲ.

ಹಾಗಾದರೆ ಹಿಡಿಯುವುದು ಹೇಗೆ? 2024ರ ಆಗಸ್ಟ್‌ನಿಂದ ಕರ್ನಾಟಕದಲ್ಲಿ ಗಂಟೆಗೆ 130 ಕಿ.ಮೀ. ಮೀರಿದರೆ ಎಫ್‌ಐಆರ್. ಹೆದ್ದಾರಿಗೆ ಸರಿ, ಘಾಟಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ. ಇಲ್ಲಿ 50 ಕೂಡ ಕೊಲ್ಲುತ್ತದೆ. ಸ್ಪೀಡ್ ಗನ್ ಇಡಲು ನೇರ ರಸ್ತೆ ಬೇಕು. ಹಾಗಾಗಿ ದಂಡ ಬೀಳುವುದು ಸ್ವಲ್ಪ ನೇರ ಇರುವ, ಅಪಾಯ ಕಡಿಮೆ ಇರುವ ಜಾಗದಲ್ಲಿ. ಬೈಕಿನವರು ಇದನ್ನು ವಸೂಲಿ ಅನ್ನುತ್ತಾರೆ. ಪೂರ್ತಿ ಅನ್ಯಾಯದ ಮಾತಲ್ಲ ಅದು.

ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದಕ್ಕೊಂದು ಹಳೇ ಉಪಾಯ ಇದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲಿ ಚೆಕ್‌ಪೋಸ್ಟಿನವರು ಸಮಯ ಬರೆದ ಚೀಟಿ ಕೊಡುತ್ತಾರೆ. ಕಾಡಿನಲ್ಲಿ ಗಾಡಿ ನಿಲ್ಲಿಸಿ ಪಾರ್ಟಿ ಮಾಡಬಾರದು ಎಂದು ಈ ವ್ಯವಸ್ಥೆ. ಆಚೆ ಗೇಟಿಗೆ ತಡವಾಗಿ ಬಂದರೆ ಪ್ರಶ್ನೆ ಕೇಳುತ್ತಾರೆ. ಬೇಗ ಬಂದವರನ್ನೂ ಕೇಳಬಹುದಲ್ಲ? ಕೊಟ್ಟಿಗೆಹಾರದಲ್ಲಿ ಒಂದು ಕ್ಯಾಮೆರಾ, ಕೆಳಗೆ ಚಾರ್ಮಾಡಿಯಲ್ಲಿ ಒಂದು. ನಡುವಿನ ಸಮಯ ತೀರಾ ಕಡಿಮೆಯಾದರೆ ಮೆಸೇಜ್ ಬರಲಿ. ಇದರಲ್ಲೂ ತೂತಿದೆ. ಮೂವತ್ತು ನಿಮಿಷ ಜಲಪಾತದ ಹತ್ತಿರ ಫೋಟೋ ತೆಗೆದು ಉಳಿದ ದಾರಿಯನ್ನು ಹಾರಿಸಿಕೊಂಡು ಬಂದವನು ಸಿಗುವುದಿಲ್ಲ. ಆದರೂ ಎಲ್ಲೂ ನಿಲ್ಲದೆ ಇಳಿಯುವ, ಗೆಳೆಯರ ಜೊತೆ ಟೈಮ್ ಕಟ್ಟಿ ಓಡಿಸುವ ಗುಂಪನ್ನು ಇದು ಹಿಡಿಯುತ್ತದೆ.

ಬೋರ್ಡುಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟ್ಟುನಿಟ್ಟು. ಇಡೀ ಘಾಟಿಗೆ ಒಂದೇ ಅಂಕಿ ಬರೆದರೆ ಅದನ್ನು ಯಾರೂ ನಂಬುವುದಿಲ್ಲ. 30 ಎಂದು ಬರೆದಿರುತ್ತಾರೆ, ಅಗಲವಾದ ಜಾಗದಲ್ಲಿ ಬಸ್ಸೇ 40ರಲ್ಲಿ ಹೋಗುತ್ತಿರುತ್ತದೆ. ಅಲ್ಲಿಗೆ ಬೋರ್ಡಿನ ಮರ್ಯಾದೆ ಮುಗಿಯಿತು. ಮುಂದಿನ ತಿರುವಿಗೆ ನಿಜಕ್ಕೂ 20 ಬೇಕಾದಾಗ ಅದನ್ನು ಕೇಳುವವರಿಲ್ಲ. ಅದರ ಬದಲು ಒಂದೊಂದು ಕುರುಡು ತಿರುವಿಗೂ ಅದರದ್ದೇ ಅಂಕಿ ಇರಲಿ, ಕಾಣುವ ದೂರ ಅಳೆದು ಬರೆದದ್ದು. ಮೂರು ತಿರುವಿನಲ್ಲಿ ಅಂಕಿ ಸರಿ ಅನ್ನಿಸಿದರೆ ನಾಲ್ಕನೆಯದನ್ನು ಬೈಕಿನವನು ನಂಬುತ್ತಾನೆ.

ಮತ್ತೆ ಕೆಲವು ಸಣ್ಣ ವಿಷಯ, ಕಾರಿನಲ್ಲಿ ಕೂತು ಯೋಜನೆ ಮಾಡುವವರಿಗೆ ಹೊಳೆಯದವು. ತಿರುವಿನ ಮೇಲೇ ಹಾಕುವ ದಪ್ಪ ಬಣ್ಣದ ಪಟ್ಟಿಗಳು ಮಳೆಯಲ್ಲಿ ಬೈಕಿಗೆ ಸೋಪಿನ ಹಾಗೆ. ಹಾಕುವುದಿದ್ದರೆ ತಿರುವಿಗೆ ಮೊದಲು, ಗಾಡಿ ನೆಟ್ಟಗಿರುವ ಜಾಗದಲ್ಲಿ ಹಾಕಬೇಕು. ಕಾರನ್ನು ತಡೆಯುವ ಕಬ್ಬಿಣದ ತಡೆಬೇಲಿಯ ಕಂಬಗಳು ಜಾರಿ ಬಿದ್ದ ಸವಾರನಿಗೆ ಕತ್ತಿಯಾಗುತ್ತವೆ. ಕೆಳಗೂ ಒಂದು ಪಟ್ಟಿ ಮುಚ್ಚಿದರೆ ಎಷ್ಟೋ ವಾಸಿ. ತಿರುವಿನ ಕನ್ನಡಿ ಬಿಸಿಲಿನಲ್ಲಿ ಚೆನ್ನ, ಮಂಜಿನಲ್ಲಿ ದಂಡ. ಆಗ ಹಳೇ ಹಾರ್ನೇ ಗತಿ.

ಮುಳ್ಳಯ್ಯನಗಿರಿಯ ಕಡೆ ಬೇರೆಯದೇ ಕಥೆ. ಕೈಮರದಿಂದ ಮೇಲೆ ರಸ್ತೆ ಎಷ್ಟು ಕಿರಿದೆಂದರೆ ಅಲ್ಲಿ ಸಮಸ್ಯೆ ವೇಗಕ್ಕಿಂತ ದಟ್ಟಣೆ. ಅದಕ್ಕೇ 2025ರಲ್ಲಿ ಆನ್‌ಲೈನ್ ಬುಕಿಂಗ್ ತಂದರು. ಚಾರ್ಮಾಡಿ ಹೆದ್ದಾರಿ, ಅಲ್ಲಿ ಬುಕಿಂಗ್ ಮಾಡಿಸಲು ಬರುವುದಿಲ್ಲ.

ಆದರೆ ಒಂದು ದಾರಿ ಆಗಲೇ ತೆರೆದಿದೆ. ಮಳೆ ಜೋರಾದಾಗ ಘಾಟಿಯಲ್ಲಿ ಭಾರಿ ವಾಹನ ತಡೆಯಲು ಜಿಲ್ಲಾಧಿಕಾರಿಗಳು ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್ ಹಿಡಿದು ಆದೇಶ ಹೊರಡಿಸುವುದು ಇಲ್ಲಿ ಮಾಮೂಲು. ಜೊತೆಗೇ ವೇಗದ ಬಗ್ಗೆಯೂ ಒಂದು ಅಧಿಸೂಚನೆ ಬರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮಿತಿ, ಒಣ ತಿಂಗಳುಗಳಲ್ಲಿ ಇನ್ನೊಂದು. ತೊಡಕು ಇರುವುದು ಗಡಿಯಲ್ಲಿ. ಘಾಟಿಯ ಮೇಲಿನ ಭಾಗ ಚಿಕ್ಕಮಗಳೂರಿನದು, ಕೆಳಗಿನದು ದಕ್ಷಿಣ ಕನ್ನಡದ್ದು. ಎರಡು ಜಿಲ್ಲಾಧಿಕಾರಿ ಕಚೇರಿ, ಎರಡು ಪೊಲೀಸ್ ವರಿಷ್ಠರು, ಜೊತೆಗೆ ಹೆದ್ದಾರಿ ವಿಭಾಗದ ಎಂಜಿನಿಯರುಗಳು ಒಂದೇ ಮೇಜಿನಲ್ಲಿ ಕೂತು ಒಂದೊಂದು ತಿರುವಿನ ಅಂಕಿ ಒಪ್ಪಬೇಕು. ಆ ಮೇಜಿನಲ್ಲಿ ದಿನಾ ಘಾಟಿ ಹತ್ತಿಳಿಯುವ ಒಬ್ಬ ಬೈಕಿನವನಿಗೂ, ಒಬ್ಬ ಬಸ್ ಡ್ರೈವರಿಗೂ ಕುರ್ಚಿ ಹಾಕಿದರೆ ಎಲ್ಲಿ ಪಾಚಿ ಕಟ್ಟುತ್ತದೆ ಅನ್ನುವುದು ಫೈಲಿಗೂ ಗೊತ್ತಾಗುತ್ತದೆ.